ಬೇಗ ಹೊರಟುಹೋಗುವ ಪರಿಮಳ

ಕಮರ್ಷಿಯಲ್ ಸ್ಟ್ರೀಟಿನ ಸುಗಂಧದ ಅಂಗಡಿಗಳಲ್ಲಿ ಗಿರಾಕಿಗಳ ಬಾಯಿಂದ ಹೆಚ್ಚಾಗಿ ಬರುವ ಪ್ರಶ್ನೆ ‘ಇದು ಎಷ್ಟು ಹೊತ್ತು ಇರುತ್ತೆ?’ ಎಂಬುದು. ಬಾಟಲಿಯ ಬೆಲೆ ನಾಲ್ಕಂಕಿ ಮುಟ್ಟಿರುವಾಗ ಹಾಗೆ ಕೇಳುವುದು ಸಹಜವೇ. ನಾನು ನಿಂಬೆ, ಕಿತ್ತಳೆಯ ಕಂಪಿನ ಬಾಟಲಿಯತ್ತ ಕೈಚಾಚಿದಾಗಲೆಲ್ಲ ಅಂಗಡಿಯ ಹುಡುಗರು ಒಳ್ಳೆಯ ಮನಸ್ಸಿನಿಂದಲೇ ಎಚ್ಚರಿಸುತ್ತಾರೆ: ‘ಮೇಡಂ, ಇದು ಚೆನ್ನಾಗಿದೆ, ಆದ್ರೆ ನಿಲ್ಲಲ್ಲ. ಊದ್ ತಗೊಳ್ಳಿ, ರಾತ್ರಿವರೆಗೂ ಇರುತ್ತೆ.’ ಅವರು ಹೇಳುವುದು ನಿಜ. ಅಗರು ಮರದ ಊದ್, ಅಂಬರ್, ವೆನಿಲ್ಲಾ ಇವೆಲ್ಲ ಒಂದು ಸಲ ಬಟ್ಟೆಗೆ ಹತ್ತಿದರೆ ಒಗೆತಕ್ಕೂ ಜಗ್ಗದಂಥವು. ನಿಂಬೆಯ ಪರಿಮಳದ ಆಯುಸ್ಸು ಒಂದು ಗಂಟೆ, ಹೆಚ್ಚೆಂದರೆ ಎರಡು. ಆದರೂ ಹಲವು ವರ್ಷಗಳಿಂದ ನಾನು ಆ ಬಗೆಯ ಸುಗಂಧವನ್ನೇ ಹಚ್ಚಿಕೊಳ್ಳುತ್ತಿದ್ದೇನೆ. ಅದು ಬೇಗ ಹೊರಟುಹೋಗುವುದನ್ನು ಕೊರತೆಯ ಲೆಕ್ಕದಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಆ ಸುಗಂಧಕ್ಕೆ ಒಂದು ವ್ಯಕ್ತಿತ್ವವಿದೆಯಾದರೆ ಅದು ಬಂದಿರುವುದೇ ಈ ಸ್ವಭಾವದಿಂದ ಎಂದು ನಾನು ನಂಬಿದ್ದೇನೆ.

ಸುಗಂಧ ತಯಾರಿಸುವವರು ಈ ಬಗೆಯನ್ನು ಸಿಟ್ರಸ್ ಆರೊಮ್ಯಾಟಿಕ್ ಎಂದು ಕರೆಯುತ್ತಾರೆ. ನಿಂಬೆ, ಕಿತ್ತಳೆ, ಬರ್ಗಮಟ್ ಮುಂತಾದ ಹಣ್ಣುಗಳ ಸಿಪ್ಪೆಯ ಎಣ್ಣೆಗೆ ರೋಸ್‌ಮರಿ, ಲ್ಯಾವೆಂಡರ್, ಕಾಮಕಸ್ತೂರಿಯಂಥ ಘಾಟಿನ ಗಿಡಗಳ ಎಣ್ಣೆಯನ್ನು ಬೆರೆಸಿ, ಅಡಿಯಲ್ಲಿ ಮರದ್ದೋ ಕಸ್ತೂರಿಯದ್ದೋ ತೆಳುವಾದ ಆಧಾರವನ್ನು ಕೊಟ್ಟಿರುತ್ತಾರೆ. ಸಿಪ್ಪೆಯೆಣ್ಣೆಯಲ್ಲಿ ಬಹುಪಾಲು ಲಿಮೊನೀನ್ ಎಂಬ ವಸ್ತುವಿರುತ್ತದೆ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಂತೂ ಅದು ಶೇಕಡಾ 90ನ್ನು ಮೀರುತ್ತದೆ. ಅದರ ಅಣುತೂಕ ಸುಮಾರು 136. ಶ್ರೀಗಂಧದೆಣ್ಣೆಯ ಮುಖ್ಯ ಘಟಕವಾದ ಸ್ಯಾಂಟಲಾಲ್‌ನದು ಸುಮಾರು 220. ಹಗುರವಾದದ್ದು ಮೊದಲು ಹಾರುತ್ತದೆ, ಸಾರು ಕುದಿಯುವ ಮುನ್ನವೇ ಒಗ್ಗರಣೆಯ ಇಂಗು ಪಕ್ಕದ ಮನೆಯನ್ನು ಮುಟ್ಟುವ ಹಾಗೆ. ಹಾಗಾಗಿ ನಿಂಬೆಯನ್ನು ಚರ್ಮದ ಮೇಲೆ ದಿನವಿಡೀ ಹಿಡಿದಿಡುತ್ತೇವೆ ಎಂದು ಹೊರಟವರು ಸಾಮಾನ್ಯವಾಗಿ ನಿಂಬೆಯನ್ನು ಕಳೆದುಕೊಂಡು, ನಿಂಬೆಯ ಹೆಸರನ್ನಷ್ಟೇ ಉಳಿಸಿಕೊಳ್ಳುತ್ತಾರೆ.

ಈ ಎಣ್ಣೆ ಎಲ್ಲಿರುತ್ತದೆಂಬುದನ್ನು ನೋಡಲು ದೇವನಹಳ್ಳಿಯ ಚಕ್ಕೋತಕ್ಕಿಂತ ಒಳ್ಳೆಯ ಹಣ್ಣಿಲ್ಲ. ವಿಮಾನ ನಿಲ್ದಾಣದ ಕಡೆಯ ರಸ್ತೆಯಲ್ಲಿ ಋತು ಬಂದಾಗ ಈಗಲೂ ಅಲ್ಲಲ್ಲಿ ಅದನ್ನು ರಾಶಿ ಹಾಕಿ ಮಾರುತ್ತಾರೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಣ್ಣು ಅದು, ಆದರೆ ತೋಟಗಳು ಮೊದಲಿನಷ್ಟಿಲ್ಲ. ಹಣ್ಣಿನ ಸಿಪ್ಪೆಯನ್ನು ಬೆಳಕಿಗೆ ಹಿಡಿದರೆ ಮೈತುಂಬ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವೆಲ್ಲ ಎಣ್ಣೆಯ ಚೀಲಗಳು. ಬೆರಳಗಲದ ಒಂದು ತುಂಡನ್ನು ಕತ್ತರಿಸಿ, ಬಿಳಿಯ ಭಾಗ ಒಳಗೆ ಬರುವಂತೆ ಮಡಚಿ ಒತ್ತಿದರೆ, ಬಿಸಿಲಿನ ಕೋಲಿನಲ್ಲಿ ಕಾಣುವಂಥ ನವಿರಾದ ಮಂಜೊಂದು ಚಿಮ್ಮಿ ಮುಂಗೈ ಮೇಲೆ ಕೂರುತ್ತದೆ. ಮೊದಲ ಕ್ಷಣ ಬರುವುದು ಹುಳಿಯ ಭಾವ. ಅದರ ಹಿಂದೆಯೇ ಎಳೆಯ ಎಲೆಯ ಹಸಿರು, ಆಮೇಲೆ ನಾಲಗೆಗೆ ಮುಟ್ಟದೆಯೂ ಗೊತ್ತಾಗುವ ಒಂದು ಕಹಿ. ಆ ಕಹಿಯನ್ನು ಗಮನಿಸಬೇಕು. ಇಡೀ ಕುಲದ ಘನತೆ ಇರುವುದು ಅದರಲ್ಲಿ. ಸಿಹಿಯಾಗಿ ಮೆಚ್ಚಿಸಲು ಹೊರಟ ಪರಿಮಳವಲ್ಲ ಇದು ಎಂದು ಅಲ್ಲಿಯೇ ತಿಳಿಯುತ್ತದೆ.

ಸುಗಂಧ ಲೋಕದಲ್ಲಿ ದೊಡ್ಡ ಹೆಸರಾದ ಬರ್ಗಮಟ್‌ಗೂ ಚಕ್ಕೋತಕ್ಕೂ ರಕ್ತಸಂಬಂಧವಿದೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಚಕ್ಕೋತವೂ ಮ್ಯಾಂಡರಿನ್ ಕಿತ್ತಳೆಯೂ ಕೂಡಿ ಕಹಿಕಿತ್ತಳೆ ಹುಟ್ಟಿತು. ಕಹಿಕಿತ್ತಳೆಯೂ ಮಾದಳವೂ ಕೂಡಿ ಲೆಮನ್ ಎಂಬ ದೊಡ್ಡ ಹಳದಿ ನಿಂಬೆ ಬಂತು. ಆ ನಿಂಬೆ ಮತ್ತೆ ಕಹಿಕಿತ್ತಳೆಯೊಡನೆ ಸೇರಿದಾಗ ಬರ್ಗಮಟ್ ಆಯಿತು. ಇಂದು ಅದನ್ನು ಹೆಚ್ಚಾಗಿ ಬೆಳೆಯುವುದು ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದಲ್ಲಿ. ಮೂಲದ ಹಿರಿಯರು ಮಾತ್ರ ಹಿಮಾಲಯದ ತಪ್ಪಲು ಹಾಗೂ ಅದರ ಪೂರ್ವದ ಏಷ್ಯಾದ ನೆಲದವರು. ಹೂವು, ಎಲೆ, ಸಿಪ್ಪೆ ಎಲ್ಲದರಿಂದಲೂ ಎಣ್ಣೆ ಕೊಡುವ ಧಾರಾಳತನ ಕಹಿಕಿತ್ತಳೆಯದು. ಅದರ ಹೂವನ್ನು ಹಬೆಯಲ್ಲಿ ಬಟ್ಟಿಯಿಳಿಸಿದರೆ ನೆರೋಲಿ, ಎಲೆ-ಕಡ್ಡಿಗಳನ್ನು ಬಟ್ಟಿಯಿಳಿಸಿದರೆ ಪೆಟಿಗ್ರೇನ್, ಸಿಪ್ಪೆಯನ್ನು ಹಿಂಡಿದರೆ ಮತ್ತೊಂದು ಎಣ್ಣೆ.

ಇವನ್ನೆಲ್ಲ ಹದವಾಗಿ ಕೂಡಿಸಿ ಲೋಕಕ್ಕೆ ರೂಢಿ ಮಾಡಿಸಿದ್ದು ಜರ್ಮನಿಯ ಕಲೋನ್ ನಗರ. ಇಟಲಿಯಲ್ಲಿ ಹುಟ್ಟಿ ಅಲ್ಲಿಗೆ ಬಂದು ನೆಲೆಸಿದ ಯೋಹಾನ್ ಮರಿಯಾ ಫರೀನಾ ಎಂಬಾತ 18ನೆಯ ಶತಮಾನದ ಆರಂಭದಲ್ಲಿ ತನ್ನ ಸುಗಂಧಜಲಕ್ಕೆ ತಾನು ನೆಲೆಸಿದ ಊರಿನ ಹೆಸರನ್ನೇ ಇಟ್ಟ: ಓಡಿಕೊಲೋನ್, ಎಂದರೆ ಕಲೋನ್ ನೀರು. ಆ ಮನೆತನದ ಅಂಗಡಿ ಶುರುವಾದದ್ದು 1709ರಲ್ಲಿ. ಅದೇ ಊರಿನ ಗ್ಲೊಕೆನ್‌ಗಾಸೆ ಬೀದಿಯ ಇನ್ನೊಂದು ಮನೆ, ಫ್ರೆಂಚ್ ಸೈನ್ಯ ನಗರವನ್ನು ಹಿಡಿದಿದ್ದಾಗ ಮನೆಗಳಿಗೆ ಹಾಕಿದ ಸಂಖ್ಯೆಯನ್ನೇ ತನ್ನ ಸುಗಂಧದ ಹೆಸರಾಗಿಸಿಕೊಂಡಿತು: 4711. ನಾನು ನಿತ್ಯ ಬಳಸುವುದು ಇದನ್ನೇ. ನಿಂಬೆ, ಕಿತ್ತಳೆ, ಬರ್ಗಮಟ್, ರೋಸ್‌ಮರಿ, ಲ್ಯಾವೆಂಡರ್, ನೆರೋಲಿ, ಪೆಟಿಗ್ರೇನ್. ಅದರ ಸಾಮಗ್ರಿಯಲ್ಲಿ ಗುಟ್ಟೆನ್ನುವಂಥದ್ದು ಹೆಚ್ಚೇನಿಲ್ಲ, ಇರುವುದೆಲ್ಲ ಅಳತೆಯಲ್ಲಿ. ಆ ಕಾಲದಲ್ಲಿ ಕಲೋನ್ ನೀರನ್ನು ಔಷಧಿಯೆಂದು ಕುಡಿಯುತ್ತಲೂ ಇದ್ದರು. ನೆಪೋಲಿಯನ್ ಅದನ್ನು ಮೈಮೇಲೆ ಧಾರಾಳವಾಗಿ ಸುರಿದುಕೊಳ್ಳುತ್ತಿದ್ದನೆಂಬುದು ಪ್ರಸಿದ್ಧ. ಅದನ್ನು ಹಚ್ಚಿಕೊಳ್ಳುವವರು ಗಂಡೋ ಹೆಣ್ಣೋ ಎಂದು ಯಾರೂ ಕೇಳುತ್ತಿರಲಿಲ್ಲ. ಅದು ಶುಭ್ರತೆಯ ವಸ್ತು, ಅಷ್ಟೆ.

ಗಂಡಸರ ಸುಗಂಧ, ಹೆಂಗಸರ ಸುಗಂಧ ಎಂದು ಕಪಾಟುಗಳು ಬೇರೆಯಾದದ್ದು ಆಮೇಲಿನ ವ್ಯಾಪಾರದಲ್ಲಿ. ಹೂವು ಹೆಣ್ಣಿಗೆ, ಮರ ಮತ್ತು ಘಾಟುಸೊಪ್ಪು ಗಂಡಿಗೆ ಎಂಬ ಹಂಚಿಕೆ ಪಶ್ಚಿಮದ ಮಾರುಕಟ್ಟೆಯಲ್ಲಿ ಗಟ್ಟಿಯಾಯಿತು. ಆ ಗೋಡೆಯನ್ನು ದಾಟಿದವುಗಳಲ್ಲಿ ನಿಂಬೆ ಕುಲದವೇ ಮುಂದೆ. 1966ರಲ್ಲಿ ಎಡ್ಮಂಡ್ ರುಡ್ನಿಟ್ಸ್ಕಾ ಡಿಯೋರ್ ಸಂಸ್ಥೆಗಾಗಿ ರೂಪಿಸಿದ ಓ ಸವಾಜ್ ಗಂಡಸರಿಗೆಂದು ಬಂದದ್ದು. ನಿಂಬೆ ಮತ್ತು ರೋಸ್‌ಮರಿಯ ನಡುವೆ ಆತ ಹೆಡಿಯೋನ್ ಎಂಬ, ಮಲ್ಲಿಗೆಯ ಕಂಪಿಗೆ ನಂಟಿರುವ ವಸ್ತುವನ್ನಿಟ್ಟು ಇಡೀ ಸುಗಂಧಕ್ಕೆ ಗಾಳಿಯಾಡುವ ತೆಳುಪನ್ನು ತಂದ, ಹೆಂಗಸರೂ ಅದನ್ನು ತಮ್ಮದಾಗಿಸಿಕೊಂಡರು. 1994ರಲ್ಲಿ ಆಲ್ಬರ್ಟೊ ಮೊರಿಯಾಸ್ ಮತ್ತು ಹ್ಯಾರಿ ಫ್ರೆಮಾಂಟ್ ಕ್ಯಾಲ್ವಿನ್ ಕ್ಲೈನ್ ಸಂಸ್ಥೆಗಾಗಿ ರೂಪಿಸಿದ ಸಿಕೆ ಒನ್ ಇಬ್ಬರಿಗೂ ಒಂದೇ ಎಂದು ಸಾರಿಕೊಂಡೇ ಬಂತು. ಬರ್ಗಮಟ್, ಏಲಕ್ಕಿ, ಹಸಿರು ಚಹಾ, ಕಡೆಗೆ ಒಗೆದ ಬಟ್ಟೆಯ ನೆನಪು ತರುವ ಕಸ್ತೂರಿ. ಮಬ್ಬುಗಾಜಿನ ಆ ಸರಳ ಬಾಟಲಿ ಆ ಕಾಲದ ಎಷ್ಟೋ ಹುಡುಗ ಹುಡುಗಿಯರ ಮೊದಲ ಸುಗಂಧವಾಯಿತು.

ಈ ಹಂಚಿಕೆ ನಮ್ಮ ಕಡೆ ಅಷ್ಟಾಗಿ ಬೇರೂರಲಿಲ್ಲ ಎಂಬುದನ್ನು ಬೆಂಗಳೂರಿನಲ್ಲಿ ನಿಂತು ನೋಡಿದರೆ ಚೆನ್ನಾಗಿ ಕಾಣುತ್ತದೆ. ಗಾಂಧಿ ಬಜಾರಿನಲ್ಲಿ ಮಲ್ಲಿಗೆಯ ಜೊತೆಗೆ ಮರುಗವನ್ನೂ ದವನವನ್ನೂ ಸೇರಿಸಿ ಕಟ್ಟಿದ ದಂಡೆಯನ್ನು ಮಾರುತ್ತಾರೆ, ಹೆಂಗಸರು ಮುಡಿಯುತ್ತಾರೆ. ಯುರೋಪಿನ ಲೆಕ್ಕದಲ್ಲಿ ಮರುಗದ ಘಾಟು ಗಂಡಸರ ಕಪಾಟಿಗೆ ಹೋಗಬೇಕಿತ್ತು. ಚೈತ್ರ ಪೌರ್ಣಮಿಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೂವಿನ ಕರಗ ಹೊರಡುವಾಗ, ಸೀರೆಯುಟ್ಟು ಬಳೆ ತೊಟ್ಟು ಮಲ್ಲಿಗೆಯನ್ನು ತಲೆಯ ಮೇಲೆ ಹೊತ್ತು ನಡೆಯುವವರು ಒಬ್ಬ ಗಂಡಸು; ಪೇಟೆಯ ಜನ ದಾರಿಯುದ್ದಕ್ಕೂ ಕೈಮುಗಿದು ನಿಲ್ಲುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮಾನಸೋಲ್ಲಾಸದಲ್ಲಿ ಮೈಗೆ ಲೇಪಿಸುವ ಗಂಧವನ್ನೂ ಧೂಪವನ್ನೂ ಅರಸನ ಭೋಗಗಳೊಳಗೆ ಸೇರಿಸಿದ್ದಾನೆ. ಇನ್ನು 1918ರ ಕಾಲಕ್ಕೆ ಈ ಊರಿನಲ್ಲಿ ಶುರುವಾದ ಮೈಸೂರು ಸ್ಯಾಂಡಲ್ ಸೋಪನ್ನು, ಬಚ್ಚಲಮನೆಯ ಒಂದೇ ಪೆಟ್ಟಿಗೆಯಿಂದ ಅಜ್ಜನೂ ಅಜ್ಜಿಯೂ ಮಕ್ಕಳೂ ತೆಗೆದುಕೊಂಡು ಮೈಗೆ ಹಚ್ಚಿಕೊಂಡದ್ದು ಒಂದೆರಡು ತಲೆಮಾರುಗಳಲ್ಲ. ‘ಯೂನಿಸೆಕ್ಸ್’ ಎಂಬ ಚೀಟಿ ಅಂಟಿಸದೆಯೇ ನಡೆದುಕೊಂಡು ಬಂದದ್ದು ಅದು. ರಾಜಾಜಿನಗರದ ಕಡೆ ಮೆಟ್ರೋ ನಿಲ್ದಾಣವೊಂದಕ್ಕೇ ಆ ಕಾರ್ಖಾನೆಯ ಹೆಸರಿದೆ.

ಈಗ ವ್ಯಕ್ತಿತ್ವದ ಮಾತು. ಬೆಳಿಗ್ಗೆ ಸ್ನಾನವಾಗಿ, ಮೈ ಪೂರ್ತಿ ಆರಿದ ಮೇಲೆ 4711 ಅನ್ನು ಕುತ್ತಿಗೆಗೂ ಮುಂಗೈಗೂ ಹಚ್ಚಿಕೊಂಡಾಗ ಮೊದಲು ತಿಳಿಯುವುದು ತಂಪು. ಆಲ್ಕೊಹಾಲ್ ಆರುತ್ತ ಚರ್ಮದ ಶಾಖವನ್ನು ಕೊಂಡೊಯ್ಯುತ್ತದೆ. ಅದರೊಡನೆ ನಿಂಬೆ, ಕಿತ್ತಳೆ ಒಮ್ಮೆಗೇ ಬರುತ್ತವೆ. ಈ ಹತ್ತು ನಿಮಿಷದ ಮನುಷ್ಯನನ್ನು ನಾನು ಬಲ್ಲೆ: ಕೋಣೆಗೆ ಬಂದೊಡನೆ ಎಲ್ಲರ ಹೆಸರು ಹಿಡಿದು ಮಾತನಾಡಿಸುವವರು, ಕಿಟಕಿ ಮುಚ್ಚಿದ್ದರೆ ಕೇಳದೆ ತೆರೆಯುವವರು, ದನಿ ಸ್ಪಷ್ಟವಾಗಿರುವವರು. ಇಷ್ಟೇ ಆಗಿದ್ದರೆ ಅದು ಬರೀ ಚಟುವಟಿಕೆಯ ಸ್ವಭಾವ ಎನ್ನಬಹುದಿತ್ತು. ಆದರೆ ನಿಂಬೆ ಇಳಿಯುತ್ತಿದ್ದಂತೆ ರೋಸ್‌ಮರಿಯ ಕರ್ಪೂರದಂಥ ಕಟುವೂ ಲ್ಯಾವೆಂಡರಿನ ಒಣ ತಂಪೂ ಮೇಲೆ ಬರುತ್ತವೆ, ಪೆಟಿಗ್ರೇನಿನ ಎಲೆಯ ಕಹಿ ಅವುಗಳ ಜೊತೆಗಿರುತ್ತದೆ. ಇಲ್ಲಿ ಆ ವ್ಯಕ್ತಿಯ ಓದು, ಯೋಚನೆ, ಒಪ್ಪದಿದ್ದರೆ ಒಪ್ಪುವುದಿಲ್ಲವೆಂದು ಮೆಲ್ಲಗೆ ಹೇಳುವ ಧೈರ್ಯ ಎಲ್ಲವೂ ಕಾಣುತ್ತವೆ. ಮಾತು ಕಡಿಮೆಯಾಗಿರುತ್ತದೆ, ಕಿವಿ ತೆರೆದಿರುತ್ತದೆ. ಒಂದು ಗಂಟೆಯ ಹೊತ್ತಿಗೆ ನೆರೋಲಿಯ ನಸು ಸಾಬೂನಿನಂಥ ಹೂಗಂಧ ಚರ್ಮಕ್ಕೆ ಅಂಟಿಕೊಂಡಂತೆ ಉಳಿಯುತ್ತದೆ, ಮಣಿಕಟ್ಟನ್ನು ಮೂಗಿನ ಹತ್ತಿರ ತಂದರೆ ಮಾತ್ರ ಸಿಗುವಷ್ಟು. ಎಲ್ಲರೊಡನೆ ಸರಳವಾಗಿರುವ ಮನುಷ್ಯರ ಒಳಗಿನ ಮೃದುತ್ವ ತೀರ ಹತ್ತಿರದವರಿಗಷ್ಟೇ ದಕ್ಕುವುದನ್ನು ನಾನು ಈ ಮೂರನೆಯ ಘಟ್ಟದಲ್ಲಿ ಕಾಣುತ್ತೇನೆ.

ಇದು ಗಂಡಿನ ಚಿತ್ರವೋ ಹೆಣ್ಣಿನದೋ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ, ಏಕೆಂದರೆ ಈ ಗುಣಗಳು ನನಗೆ ಮೊದಲು ಪರಿಚಯವಾದದ್ದು ಒಂದೇ ಮನೆಯ ಇಬ್ಬರಲ್ಲಿ. ಬಸವನಗುಡಿಯಲ್ಲಿದ್ದ ನನ್ನ ಚಿಕ್ಕಮ್ಮ ಬ್ಯಾಂಕಿನಲ್ಲಿ ಕೆಲಸಕ್ಕಿದ್ದರು, ಚಿಕ್ಕಪ್ಪ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಅವರ ಬೀರುವಿನಲ್ಲಿ ಇಬ್ಬರಿಗೂ ಸೇರಿ ಒಂದೇ ಬಾಟಲಿ ಓಡಿಕೊಲೋನ್ ಇರುತ್ತಿತ್ತು. ಚಿಕ್ಕಮ್ಮ ಕರವಸ್ತ್ರದ ಒಂದು ಮೂಲೆಗೆ ನಾಲ್ಕು ಹನಿ ಹಾಕಿ, ಮಡಚಿ, ಸೊಂಟಕ್ಕೆ ಸಿಕ್ಕಿಸುತ್ತಿದ್ದರು; ಚಿಕ್ಕಪ್ಪ ಕ್ಷೌರವಾದ ಮೇಲೆ ಅಂಗೈಗೆ ಸುರಿದುಕೊಂಡು ಕೆನ್ನೆಗೆ ತಟ್ಟಿಕೊಳ್ಳುತ್ತಿದ್ದರು. ಮಕ್ಕಳಿಗೆ ಜ್ವರ ಬಂದರೆ ಅದೇ ಬಾಟಲಿ, ನೀರಿನಲ್ಲಿ ಬೆರೆಸಿ ಹಣೆಗೆ ಬಟ್ಟೆ. ‘ಇದು ನಿಮ್ಮದಾ, ಚಿಕ್ಕಪ್ಪನದಾ ಚಿಕ್ಕಮ್ಮಾ?’ ಎಂದು ನಾನು ಕೇಳಿದ್ದಕ್ಕೆ ಅವರು, ‘ಮನೇದು ಕಣೇ. ಉಪ್ಪಿನ ಡಬ್ಬ ಯಾರದು ಅಂತ ಕೇಳ್ತೀಯಾ?’ ಎಂದಿದ್ದರು. ಇಬ್ಬರೂ ಯಾರ ಮನೆಗೆ ಹೋದರೂ ಊಟದ ಹೊತ್ತಿಗೆ ಮುಂಚೆಯೇ ಎದ್ದುಬಿಡುವವರು, ಇರುವಷ್ಟು ಹೊತ್ತು ಮನೆಯವರೆಲ್ಲರ ಕ್ಷೇಮವನ್ನು ನಿಜವಾದ ಕಾಳಜಿಯಿಂದ ವಿಚಾರಿಸುವವರು. ಅವರು ಹೋದ ಮೇಲೆ ‘ಇನ್ನೂ ಸ್ವಲ್ಪ ಹೊತ್ತು ಇರಬಹುದಿತ್ತು’ ಎಂದು ಎಲ್ಲರೂ ಹೇಳುತ್ತಿದ್ದರು.

ಈ ಕುಲದ ಮೇಲೆ ಬಾಳಿಕೆಯದ್ದಲ್ಲದೆ ಇನ್ನೊಂದು ದೂರು ಇದೆ, ಅದು ಹೆಚ್ಚು ಗಂಭೀರವಾದದ್ದು: ನಿಂಬೆಯ ವಾಸನೆ ಎಂದರೆ ಪಾತ್ರೆ ತೊಳೆಯುವ ಸೋಪು, ನೆಲ ಒರೆಸುವ ದ್ರವ. ನಮ್ಮ ಮೂಗುಗಳು ಹಾಗೆ ಪಳಗಿಹೋಗಿರುವುದು ಸತ್ಯ. ಅಗ್ಗದ ನಿಂಬೆಗಂಧದಲ್ಲಿ ಸಿಟ್ರಾಲ್ ಎಂಬ ಘಟಕ ಒಂಟಿಯಾಗಿ, ಚೂಪಾಗಿ ಎದ್ದು ನಿಂತಿರುತ್ತದೆ. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲೂ ಅದೇ ಹೆಚ್ಚು. ಒಳ್ಳೆಯ ಸುಗಂಧಕಾರರು ಇದನ್ನು ಹಲವು ಬಗೆಯಲ್ಲಿ ಪಳಗಿಸುತ್ತಾರೆ. ಬರ್ಗಮಟ್‌ನಲ್ಲಿ ಲಿಮೊನೀನಿನ ಜೊತೆಗೆ ಲಿನಾಲಿಲ್ ಅಸಿಟೇಟ್ ದಂಡಿಯಾಗಿದ್ದು, ಅದು ಲ್ಯಾವೆಂಡರಿನಲ್ಲೂ ಇರುವುದರಿಂದ, ಹಣ್ಣಿನಿಂದ ಸೊಪ್ಪಿನ ಕಡೆಗೆ ಮೂಗನ್ನು ಎಡವದಂತೆ ನಡೆಸಿಕೊಂಡು ಹೋಗಲು ಸಾಧ್ಯವಾಗುತ್ತದೆ. ಪೆಟಿಗ್ರೇನ್ ಹಣ್ಣಿಗೆ ಎಲೆಯನ್ನೂ ಕೊಂಬೆಯನ್ನೂ ಮರಳಿ ಕೊಡುತ್ತದೆ. ಆಗ ಅದು ಡಬ್ಬಿಯ ವಾಸನೆಯಾಗಿ ಉಳಿಯದೆ ಗಿಡದ ವಾಸನೆಯಾಗುತ್ತದೆ. ನೆಲದ ದ್ರವಕ್ಕೂ ಒಳ್ಳೆಯ ಕಲೋನ್‌ಗೂ ನಡುವಿನ ವ್ಯತ್ಯಾಸವನ್ನು ಒಮ್ಮೆ ಮೂಗು ಹಿಡಿದರೆ ಮತ್ತೆ ಅವೆರಡು ಒಂದೆಂದು ಅನ್ನಿಸುವುದಿಲ್ಲ.

ಇಂಥ ಸುಗಂಧಕ್ಕೆ ಬೆಂಗಳೂರಿನಷ್ಟು ಹೊಂದುವ ಊರು ಅಪರೂಪವೆಂದು ನನ್ನ ಭಾವನೆ. ಸುಮಾರು 900 ಮೀಟರ್ ಎತ್ತರದ ಈ ಊರಿನ ಬೆಳಗುಗಳಲ್ಲಿ ತಂಪಿದೆ. ಕರಾವಳಿಯ ಸೆಕೆಯಲ್ಲಿ ಬೆವರಿನ ಜೊತೆ ಕ್ಷಣದಲ್ಲಿ ಹರಿದುಹೋಗುವ ನಿಂಬೆ ಇಲ್ಲಿ ತುಸು ನಿಂತು ಮಾತನಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾವು ದಿನದ ಎಷ್ಟೋ ಹೊತ್ತನ್ನು ಅಪರಿಚಿತರ ಮೈಗೆ ಮೈ ತಾಗುವಷ್ಟು ಇಕ್ಕಟ್ಟಿನಲ್ಲಿ ಕಳೆಯುತ್ತೇವೆ. ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಹತ್ತುವ ಮೆಟ್ರೋ, ಎಂಟು ಜನ ಹಿಡಿಸುವ ಲಿಫ್ಟಿಗೆ ಹನ್ನೊಂದು ಜನ, ಕಿಟಕಿಯೇ ತೆರೆಯದ ಎ.ಸಿ. ಕಚೇರಿ. ನನ್ನ ಕಚೇರಿಯಲ್ಲಿ ಮೈಗ್ರೇನ್ ಇರುವ ಸಹೋದ್ಯೋಗಿಯೊಬ್ಬರಿದ್ದಾರೆ; ಭಾರವಾದ ಸೆಂಟು ಹಾಕಿಕೊಂಡವರು ಪಕ್ಕದಲ್ಲಿ ಕೂತ ದಿನ ಅವರು ಮಧ್ಯಾಹ್ನದ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಕೂತಿರುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಹಚ್ಚಿಕೊಂಡವರ ಸಂತೋಷವೂ ಪಕ್ಕದವರ ನೆಮ್ಮದಿಯೂ ಒಂದೇ ಗಾಳಿಯನ್ನು ಹಂಚಿಕೊಳ್ಳಬೇಕಾದ ಜಾಗದಲ್ಲಿ, ಮನೆಯಿಂದ ಹೊರಡುವಾಗ ನನಗೆ ಹುರುಪು ಕೊಟ್ಟು, ಕಚೇರಿ ಮುಟ್ಟುವಷ್ಟರಲ್ಲಿ ತಗ್ಗಿ ನನ್ನ ಚರ್ಮದೊಳಗೆ ಉಳಿಯುವ ಪರಿಮಳವನ್ನು ನಾನು ಸಭ್ಯತೆಯ ಪರಿಮಳವೆಂದು ಎಣಿಸುತ್ತೇನೆ. ಹೆಚ್ಚು ಹೊತ್ತು ಬೇಕೆನಿಸಿದ ದಿನ ಹತ್ತಿಯ ದುಪಟ್ಟಾದ ಅಂಚಿಗೆ ಎರಡು ಸಲ ಹೊಡೆದುಕೊಳ್ಳುತ್ತೇನೆ. ಚರ್ಮಕ್ಕಿಂತ ಬಟ್ಟೆ ತಡವಾಗಿ ಬಿಟ್ಟುಕೊಡುತ್ತದೆ.

ಬಳಸುವವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಬರ್ಗಮಟ್ ಎಣ್ಣೆಯಲ್ಲಿ ಸಹಜವಾಗಿ ಇರುವ ಬರ್ಗಾಪ್ಟೆನ್ ಎಂಬ ಅಂಶ ಬಿಸಿಲಿಗೆ ಚರ್ಮವನ್ನು ಸುಡುತ್ತದೆ, ಕಲೆ ಉಳಿಸುತ್ತದೆ. ಈಗಿನ ತಯಾರಕರು ಅದನ್ನು ತೆಗೆದೋ ಮಿತಿಯಲ್ಲಿಟ್ಟೋ ಬಳಸುತ್ತಾರೆ. ಆದರೆ ಮನೆಯಲ್ಲೇ ಎಣ್ಣೆ ಬೆರೆಸಿಕೊಳ್ಳುವವರು ಅದನ್ನು ಹಚ್ಚಿಕೊಂಡು ಬಿಸಿಲಿನಲ್ಲಿ ಸ್ಕೂಟರ್ ಓಡಿಸಬಾರದು. ಎರಡನೆಯದು, ಲಿಮೊನೀನ್ ಗಾಳಿ, ಬೆಳಕಿಗೆ ಕೆಡುತ್ತದೆ, ಕೆಟ್ಟ ಮೇಲೆ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಹಾಗಾಗಿ ಬಾಟಲಿಯ ಜಾಗ ಬಟ್ಟೆಯ ಬೀರು. ಕಿಟಕಿಯ ಪಕ್ಕದ ಕನ್ನಡಿಯ ಮುಂದೆ ಅದನ್ನು ಇಡಬಾರದು.

ನನಗೊಂದು ಆಸೆಯಿದೆ. ಕಲೋನ್ ನಗರದವರು ತಮ್ಮ ಕೈಗೆ ಸಿಕ್ಕ ಹಣ್ಣು, ಸೊಪ್ಪುಗಳಿಂದ ಮಾಡಿದ್ದನ್ನು ನಾವು ಮುನ್ನೂರು ವರ್ಷಗಳಿಂದ ಮೆಚ್ಚುತ್ತಿದ್ದೇವೆ, ಮೆಚ್ಚಬೇಕಾದದ್ದೇ. ಅಂಥದ್ದೊಂದನ್ನು ಇಲ್ಲಿಯೇ ಮಾಡಲು ಬೇಕಾದ ಪರಿಕರಗಳೆಲ್ಲ ನಮ್ಮ ಸುತ್ತಮುತ್ತಲೇ ಇವೆ. ಲೋಕದ ಸುಗಂಧಕಾರರು ದವನದೆಣ್ಣೆಗಾಗಿ ದಕ್ಷಿಣ ಭಾರತದ ಕಡೆಗೇ ನೋಡುತ್ತಾರೆ. ಅದರ ಒಣಹಣ್ಣಿನಂಥ, ತುಸು ಮದ್ಯದಂಥ ಕಂಪು ಬೇರೆ ಗಿಡಗಳಲ್ಲಿ ಅಪರೂಪ. ಯಲಹಂಕದ ದಾರಿಯ ಅಲ್ಲಾಳಸಂದ್ರದಲ್ಲಿ ಔಷಧೀಯ ಮತ್ತು ಸುಗಂಧ ಸಸ್ಯಗಳ ಮೇಲೆಯೇ ಕೆಲಸ ಮಾಡುವ ಸೀಮ್ಯಾಪ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯ ಸಂಶೋಧನಾ ಕೇಂದ್ರವಿದೆ. ಯಾರಾದರೂ ದೇವನಹಳ್ಳಿಯ ಚಕ್ಕೋತದ ಸಿಪ್ಪೆಯನ್ನೂ ಕೊಡಗಿನ ಕಿತ್ತಳೆಯನ್ನೂ ಮೇಲಿಟ್ಟು, ಚಿತ್ರಾನ್ನಕ್ಕೆ ಹಿಂಡುವ ಹೇರಳೆಕಾಯಿಯ ಎಲೆಯ ಕಹಿಯನ್ನು ಅದಕ್ಕೆ ಸೇರಿಸಿ, ನಡುವೆ ಮರುಗ, ಕಾಮಕಸ್ತೂರಿ ಮತ್ತು ಬೆರಳ ತುದಿಯಷ್ಟು ದವನ, ಅಡಿಯಲ್ಲಿ ಲಾವಂಚದ ಬೇರು ಹಾಗೂ ಇದೆಯೋ ಇಲ್ಲವೋ ಎನ್ನುವಷ್ಟು ಶ್ರೀಗಂಧ ಇಟ್ಟು ಒಂದು ಕಲೋನ್ ಮಾಡಬೇಕು. ಪೆಟ್ಟಿಗೆಯ ಮೇಲೆ ಗಂಡಸರಿಗೆ, ಹೆಂಗಸರಿಗೆ ಎಂದು ಬರೆಯುವುದು ಬೇಡ. ಸಿಹಿ ಹೆಚ್ಚಿಸುವುದೂ ಬೇಡ, ಚಕ್ಕೋತದ ಕಹಿ ಹಾಗೆಯೇ ಇರಲಿ. ಹತ್ತಿ ಬಟ್ಟೆಯ ಮೇಲೆ ಮಧ್ಯಾಹ್ನದ ಊಟದವರೆಗೆ ನಿಂತರೆ ನನಗೆ ಸಾಕು. ಅಂಥದ್ದು ಬಂದ ದಿನ ಮೊದಲ ಬಾಟಲಿಯನ್ನು ಬಸವನಗುಡಿಯ ಆ ಮನೆಗೆ ಕೊಂಡೊಯ್ಯುತ್ತೇನೆ, ಚಿಕ್ಕಮ್ಮನಿಗೆ ಈಗಲೂ ಮೂಗು ಚುರುಕಾಗಿದೆ, ಯಾವುದು ಹೆಚ್ಚಾಯಿತು ಯಾವುದು ಕಡಿಮೆಯಾಯಿತು ಎಂದು ಅವರು ನೇರವಾಗಿ ಹೇಳುತ್ತಾರೆ.